ಕರಿಕೋವಿಯ ಸ್ಪ್ರಿಂಗು ಮುರಿದಾಗ

ನಮ್ಮೂರಿನಲ್ಲಿ ದೀಪಾವಳಿ ಮುಗಿಯುತ್ತಿದ್ದಂತೆ ಕಾವಳ, ಅಂದರೆ ದಟ್ಟ ಮಂಜು, ಇಳಿಯುತ್ತದೆ. ಇಳಿದದ್ದು ಯುಗಾದಿಯವರೆಗೆ ಏಳುವುದಿಲ್ಲ. ಹೊಸಿಲಾಚೆ ಕೈ ಚಾಚಿದರೆ ನಮ್ಮ ಬೆರಳು ನಮಗೇ ಕಾಣುವುದಿಲ್ಲ. ಆದ್ದರಿಂದ ಹೊರಗೆ ಹೊರಡುವವರು ಬಾಗಿಲಲ್ಲಿ ನಿಂತು "ದಾರಿ, ದಾರಿ!" ಎಂದು ಕೂಗಿ ಕೋವಿ ಹಾರಿಸುತ್ತಾರೆ. ಗುಂಡು ಹಾಕುವುದಿಲ್ಲ, ಬರೀ ಮದ್ದು, ಅದರ ಮೇಲೆ ಒಂದಿಷ್ಟು ತೆಂಗಿನ ನಾರು. ಆ ಸದ್ದಿಗೆ ಕಾವಳ ಸೀಳಿ ಓಣಿಯ ಹಾಗೆ ಬಿಟ್ಟುಕೊಳ್ಳುತ್ತದೆ. ನಡೆದು ಮುಟ್ಟುವಷ್ಟು ಹೊತ್ತು ಇದ್ದು ಆಮೇಲೆ ಮುಚ್ಚಿಕೊಳ್ಳುತ್ತದೆ. ಹೊಸಬರು ಇದನ್ನು ಕಂಡು ಬಾಯಿ ಬಿಡುತ್ತಾರೆ. ನಮಗೆ ಇದು ಬೆಳಿಗ್ಗೆ ಎದ್ದು ಹಲ್ಲುಜ್ಜಿದಷ್ಟೇ ಮಾಮೂಲು.

ಕೋವಿ ಎಂಥದೋ ದಾರಿ ಅಂಥದು. ಅಜ್ಜಂದಿರ ಕಾಲದ, ಮೂತಿಯಿಂದ ಮದ್ದು ಜಡಿಯುವ ಕೇಪಿನ ಕೋವಿ ಹಾರಿಸಿದರೆ ದಾರಿ ಒಂದೆರಡು ಮನೆಯಾಚೆಗೆ ನಿಂತುಬಿಡುತ್ತದೆ. ಅದು ದಾರಿ ಬಿಡಿಸುವುದು ಅವರವರ ಬಾಗಿಲಲ್ಲಿ ನಿಂತು ಹಾರಿಸಿದಾಗ ಮಾತ್ರ. ಅಲ್ಲಿಂದ ಮುಂದಕ್ಕೆ ಆ ಮನೆಯವರನ್ನು ಕೂಗಿ ದಾರಿ ಕೇಳಬೇಕು. ಅವರು ಹೊರಗೆ ಬಂದು "ಎಲ್ಲಿಗೆ?" ಎನ್ನುತ್ತಾರೆ. ನಿಜ ಹೇಳಬೇಕು. ಹೇಳಿದರೆ ತಮ್ಮ ಕೋವಿ ಹಾರಿಸಿ ಮುಂದಿನ ಮನೆಯತನಕ ದಾರಿ ಕೊಡುತ್ತಾರೆ, ಮನಸ್ಸಾದರೆ ಜೊತೆಗೂ ಬರುತ್ತಾರೆ. ಮನಸ್ಸಾಗದಿದ್ದರೆ ಕೊಡದೆಯೂ ಇರಬಹುದು, ಅದು ಅವರ ಹಕ್ಕು. ಯಾರ ಸೊಸೆ ಮುನಿಸಿಕೊಂಡು ತವರಿಗೆ ಹೊರಟಳು, ಯಾರು ಗುಟ್ಟಾಗಿ ಜ್ಯೋತಿಷಿಯ ಮನೆಗೆ ಹೊರಟರು ಎಂಬುದೆಲ್ಲ ಹಿಂದೆ ಬೀದಿಗೆ ಬೀದಿಯೇ ಗೊತ್ತಾಗುತ್ತಿದ್ದದ್ದು ಹೀಗೆ.

ಆಮೇಲೆ ಹಡಗಿನಲ್ಲಿ ಕರಿಕೋವಿಗಳು ಬಂದವು. ಪರದೇಶದ ಸೈನ್ಯದವರು ಹಿಡಿಯುವಂಥ ಮಾದರಿ. ಮೈಯೆಲ್ಲ ಕಪ್ಪು, ಕೆಳಗೆ ಪಿಸ್ತೂಲಿನದರಂಥ ಹಿಡಿ, ಮೂತಿಯ ಬಳಿ ಬಯೊನೆಟ್ಟು ಚೂರಿ ಸಿಕ್ಕಿಸುವ ಕೊಕ್ಕೆ. ಒಂದು ಸಲ ಹಾರಿಸಿದರೆ ಊರಿನ ಈ ತುದಿಯಿಂದ ಆ ತುದಿಗೆ ಎತ್ತಿನ ಗಾಡಿ ಹೋಗುವಷ್ಟು ಅಗಲದ ದಾರಿ. ಉಳ್ಳವರು ತಂದರು, ಅವರನ್ನು ನೋಡಿ ಇಲ್ಲದವರೂ ತಂದರು. ಯಾರನ್ನೂ ಕೇಳಬೇಕಿಲ್ಲ, ಯಾರಿಗೂ ಹೇಳಬೇಕಿಲ್ಲ. ಕೇಪಿನ ಕೋವಿಗಳು ಅಟ್ಟ ಸೇರಿದವು. ಕಾವಳದ ತಿಂಗಳುಗಳಲ್ಲಿ ಪಕ್ಕದ ಮನೆಯವರ ಮುಖ ಕಾಣದೆ ಯುಗಾದಿಗೇ "ಏನು, ಚೆನ್ನಾಗಿದ್ದೀರಾ?" ಎಂದು ಕೇಳುವ ಹಾಗಾಯಿತು.

ನಾನೂ ಒಂದು ತಂದೆ. ನನ್ನ ಹೆಸರು ಮುದ್ದುರಂಗಯ್ಯ. ಇಲ್ಲಿನ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ಹರೆಯದಲ್ಲಿ ಸೈನ್ಯಕ್ಕೆ ಸೇರಲು ಹೋಗಿದ್ದೆ. ಪಾದ ಚಪ್ಪಟೆ ಎಂದು ವಾಪಸು ಕಳಿಸಿದರು. ಆ ಹೊಟ್ಟೆಯುರಿಯನ್ನು ಈ ಊರಿನ ಮಕ್ಕಳ ಮೇಲೆ ತೀರಿಸಿಕೊಂಡೆ; ಊರಿನ ಅರ್ಧ ಜನ ನನ್ನ ಸೀಟಿಗೆ ಬೆಚ್ಚಿ ಬಿಸಿಲಲ್ಲಿ ನೆಟ್ಟಗೆ ನಿಂತವರೇ. ಕರಿಕೋವಿ ಮನೆಗೆ ಬಂದ ದಿನ ಅದನ್ನು ಹೆಗಲಿಗೇರಿಸಿಕೊಂಡು ಕನ್ನಡಿಯ ಮುಂದೆ ಸಾವಧಾನ್ ಆಗಿ ನಿಂತೆ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ನೋಡಿ ನಗುವವರು ಮನೆಯಲ್ಲಿ ಯಾರೂ ಇರಲಿಲ್ಲ.

ನಗುವವರು ಊರಿನ ಇನ್ನೊಂದು ತುದಿಯಲ್ಲಿದ್ದರು. ಹಿಟ್ಟಿನ ಮಿಲ್ಲಿನ ತುಂಗಮ್ಮ. ಗಂಡ ಹೋದಮೇಲೆ ಮಿಲ್ಲನ್ನು ಅವರೇ ನಡೆಸುತ್ತಿದ್ದರು, ಮನೆಯೂ ಅದಕ್ಕೇ ಅಂಟಿಕೊಂಡಿತ್ತು. ಹುಬ್ಬು, ರೆಪ್ಪೆ, ಸೆರಗು ಎಲ್ಲ ಸದಾ, ಮಿಲ್ಲು ಮುಚ್ಚಿದ ದಿನವೂ, ಹಿಟ್ಟುಹಿಟ್ಟು. ಮೊದಲು ನಾನು ಹೋದದ್ದು ರಾಗಿ ಬೀಸಿಸಲಿಕ್ಕೇ. ಆಮೇಲೆ ರಾಗಿ ಸ್ವಲ್ಪ ಸ್ವಲ್ಪ ಒಯ್ಯಲು ಶುರು ಮಾಡಿದೆ, ಮತ್ತೆ ಮತ್ತೆ ಹೋಗಬಹುದಲ್ಲ. ಒಂದು ದಿನ ಅವರು ತಕ್ಕಡಿಯಲ್ಲಿ ನನ್ನ ಚೀಲ ತೂಗಿ, "ಮೇಷ್ಟ್ರೇ, ಇದನ್ನ ಬೀಸಿದ್ರೆ ಕಲ್ಲಿಗೇ ಸಾಲಲ್ಲ. ಕಾಫಿ ಕುಡಿಯೋಕೆ ಬಂದಿದ್ರೆ ಹಂಗೇ ಹೇಳ್ಬಾರ್ದಾ?" ಎಂದರು. ಅವತ್ತಿನಿಂದ ಮಿಲ್ಲಿಗೆ ರಜೆಯಿರುವ ಗುರುವಾರಗಳಂದು ಸಂಜೆ ನಾನು ಬಾಗಿಲಲ್ಲಿ ನಿಂತು ಕರಿಕೋವಿ ಹಾರಿಸುತ್ತಿದ್ದೆ. ನನ್ನ ಮನೆಯ ಬಾಗಿಲಿನಿಂದ ಅವರ ಮನೆಯ ಬಾಗಿಲಿಗೆ ನೇರ ದಾರಿ. ಇಬ್ಬರೂ ಕಾಫಿ ಕುಡಿದು ಚೌಕಾಬಾರ ಆಡುತ್ತಿದ್ದೆವು. ಕವಡೆ ಬಿಡುವಾಗ ಅವರು ರಾಜಾರೋಷವಾಗಿ ಮೋಸ ಮಾಡುತ್ತಿದ್ದರು. "ಎಲ್ಲಾ ಬಿಟ್ಟು ಯುದ್ಧಕ್ಕೆ ಹೊರಟ ಹಂಗೆ ಬರ್ತೀರಲ್ಲಾ, ಸೋತು ಸುಣ್ಣ ಆಗೋಕೆ," ಎಂದು ನನ್ನ ಕೋವಿಯನ್ನು ನೋಡಿ ನಗುತ್ತಿದ್ದರು.

ನನಗೆ ಅವರೆಂದರೆ ಪ್ರಾಣ. ಇದನ್ನು ಯಾರಿಗೂ ಹೇಳಿರಲಿಲ್ಲ, ಅವರಿಗೂ ಹೇಳಿರಲಿಲ್ಲ. ತಲೆ ನರೆತ ಡ್ರಿಲ್ ಮೇಷ್ಟ್ರು ಹೀಗೆ ಹೇಳಿಕೊಂಡು ತಿರುಗಿದರೆ ಊರು ಸುಮ್ಮನಿರುತ್ತದೆಯೇ? ಬೇಸಿಗೆಯಲ್ಲಿ ಕಾವಳವಿಲ್ಲದೆ ಎಲ್ಲರಿಗೂ ಕಣ್ಣು ಬಂದಿರುತ್ತದೆ. ಆಗ ನಾನು ಎಲ್ಲರಂತೆ ಚೀಲ ಹೊತ್ತು ಹೋಗಿ, ಎಲ್ಲರಂತೆ ಹಿಟ್ಟು ಹೊತ್ತು ಬರುತ್ತಿದ್ದೆ. ದೀಪಾವಳಿ ಯಾವಾಗ ಬರುತ್ತದೋ ಎಂದು ಮಕ್ಕಳಿಗಿಂತ ಹೆಚ್ಚಾಗಿ ಕಾಯುತ್ತಿದ್ದವನು ನಾನು.

ಹೋದ ಸಲ ಕಾವಳ ಇಳಿದ ಹೊಸತರಲ್ಲಿ ಪಟ್ಟಣದಿಂದ ಒಬ್ಬ ಅಧಿಕಾರಿ ಬಂದ. ಎಳೆಯ ವಯಸ್ಸು, ಒಳ್ಳೆಯ ಹುಡುಗ. ಸಂತೆಮಾಳದ ಹತ್ತಿರ ದಾರಿ ಮುಚ್ಚಿಕೊಂಡು ಪರದಾಡುತ್ತಿದ್ದವನನ್ನು ಕೋವಿ ರಿಪೇರಿಯ ಬಾಬಾಜಾನ್ ಕೈ ಹಿಡಿದು ಕರೆತಂದು ತನ್ನ ಅಂಗಡಿಯ ಸ್ಟೂಲಿನ ಮೇಲೆ ಕೂರಿಸಿದ. ನಾವೆಲ್ಲ ಸುತ್ತ ಸೇರಿದೆವು. ಸೈನ್ಯದ ಮಾದರಿಯ ಕೋವಿಗಳನ್ನೂ ಅವುಗಳ ಬಿಡಿಭಾಗಗಳನ್ನೂ ಹೊರದೇಶದಿಂದ ತರಿಸುವುದಕ್ಕೆ ಸರ್ಕಾರ ತಡೆ ಹಾಕಿದೆ ಎಂದು ಆತ ಹೇಳಿದ. ಇರುವುದನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ಹೊಸದು ಬರುವುದಿಲ್ಲ, ಅಷ್ಟೇ.

"ಸೈನ್ಯದ ಮಾದರಿ ಅಂತ ಹೆಂಗೆ ಗೊತ್ತು ಮಾಡ್ತೀರಾ ಸಾರ್?" ಎಂದ ನನ್ನ ಪಕ್ಕದ ಮನೆಯ ಕೆಂಚಪ್ಪ. ನನ್ನ ಹಳೆಯ ಶಿಷ್ಯ, ಹುಟ್ಟು ಚೇಷ್ಟೆಗಾರ.

"ನೋಡಿದ್ರೆ ಗೊತ್ತಾಗುತ್ತೆ. ಆ ಹಿಡಿ, ಆ ಕೊಕ್ಕೆ. ಬೇಟೆಗೆ ಅಥವಾ ಆಟಕ್ಕೆ ತಕ್ಕದ್ದಾದ್ರೆ ತರಿಸಬಹುದು."

"ನಮ್ದು ಬೇಟೆಗೂ ಅಲ್ಲ, ಆಟಕ್ಕೂ ಅಲ್ಲ. ನಡೆಯೋಕೆ."

ಹುಡುಗ ತಲೆ ಕೆರೆದುಕೊಂಡ. "ನಡೆಯೋಕೆ ಅಂತ ನಮ್ಮಲ್ಲಿ ಇಲ್ಲ," ಎಂದ. ಎಲ್ಲರೂ ಒಟ್ಟಿಗೆ ಬಾಯಿ ಮಾಡಿದರು. ನಮ್ಮೂರಲ್ಲಿ ಇದರಿಂದ ಒಂದು ಕೋಳಿಗೂ ಪೆಟ್ಟಾಗಿಲ್ಲ, ನಮಗ್ಯಾಕೆ ಶಿಕ್ಷೆ ಎಂದು ಕೂಗಾಡಿದವರಲ್ಲಿ ನನ್ನದೇ ಗಂಟಲು ದೊಡ್ಡದು. ಆತ ಎಲ್ಲ ಕೇಳಿಸಿಕೊಂಡು, ಆಚೆಯ ಊರುಗಳಲ್ಲಿ ಇದೇ ಕೋವಿಗಳಿಗೆ ಗುಂಡು ತುಂಬಿ ಸಂತೆಯೊಳಗೆ ನುಗ್ಗಿದವರಿದ್ದಾರೆ, ಒಂದು ಕಡೆ ಶಾಲೆಯೊಳಗೂ ನುಗ್ಗಿದ್ದಾರೆ ಎಂದು ಮೆಲ್ಲಗೆ ಹೇಳಿದ. ಬೀದಿಗೆಲ್ಲ ಹಿರಿಯಳಾದ ಪುಟ್ಟಗೌರಜ್ಜಿ, "ಹಂಗಾದ್ರೆ ನಿಲ್ಸಿದ್ದೇ ಸರಿ ಬುಡಪ್ಪ. ನಮ್ಗೆ ಎರಡು ಹೆಜ್ಜೆ ಕಷ್ಟ ಆಯ್ತದೆ, ಆಗ್ಲಿ," ಎಂದಳು. ಅವಳು ಹೇಳಿದ್ದು ನ್ಯಾಯವೇ. ಆದರೆ ಮನಸ್ಸು ಒಪ್ಪಿತು ಎಂದರೆ ಸುಳ್ಳಾಗುತ್ತದೆ. ನನ್ನ ಕಣ್ಣ ಮುಂದೆ ಇದ್ದದ್ದು ಗುರುವಾರ.

ಊರು ತನಗೆ ತಿಳಿದ ಹಾಗೆ ಹೊಂದಿಕೊಳ್ಳತೊಡಗಿತು. ಇರುವುದನ್ನೂ ಕಿತ್ತುಕೊಂಡಾರು ಎಂಬ ಹೆದರಿಕೆಯಿಂದ ಕೆಲವರು ಕೊಕ್ಕೆ ಗರಗಸದಲ್ಲಿ ಕೊಯ್ದು, ಹಿಡಿ ಬಿಚ್ಚಿ, ಹಲಸಿನ ಮರದ ಹಿಡಿ ಕೂರಿಸಿದರು. ಕೆಂಚಪ್ಪ ತನ್ನದಕ್ಕೆ ಹಸಿರು ಬಣ್ಣ ಬಳಿದು ಹೆಂಡತಿಯ ಹಳೆ ಸೀರೆಯ ಅಂಚು ಸುತ್ತಿದ. "ಈಗ ನೋಡಿ, ಸೈನ್ಯದ್ದು ಅಂತ ಯಾವ ಬಡ್ಡಿಮಗ ಅಂತಾನೆ?" ಎಂದು ಎಲ್ಲರಿಗೂ ತೋರಿಸಿದ. ಆದರೆ ಕರಿಕೋವಿಯ ಜೀವ ಇರುವುದು ಹೊಟ್ಟೆಯೊಳಗಿನ ಒಂದು ಸ್ಪ್ರಿಂಗಿನಲ್ಲಿ. ನಮ್ಮೂರ ಥಂಡಿಗೆ ಅದು ಬೇಗ ಬಿರುಕು ಬಿಡುತ್ತದೆ. ಹಿಂದೆಲ್ಲ ಬಾಬಾಜಾನ್ ಡಬ್ಬಿ ತೆರೆದು ಇನ್ನೊಂದು ಹಾಕುತ್ತಿದ್ದ. ಈಗ ಡಬ್ಬಿ ಬರಿದಾಯಿತು. ಒಂದೊಂದೇ ಮನೆಯ ಕರಿಕೋವಿ ಬಾಯಿ ಮುಚ್ಚಿತು. ಜನ ಗೊಣಗುತ್ತಾ ಅಟ್ಟ ಹತ್ತಿ ಕೇಪಿನ ಕೋವಿ ಇಳಿಸಿ ತುಕ್ಕು ಉಜ್ಜಿದರು. ಬೀದಿಯಲ್ಲಿ ಮತ್ತೆ "ಯಾರ್ರೀ ಮನೆಯವ್ರೇ, ದಾರಿ ಕೊಡಿ" ಎಂಬ ಕೂಗು ಕೇಳತೊಡಗಿತು.

ನನ್ನದು ಮುರಿದದ್ದು ಒಂದು ಗುರುವಾರದಂದೇ. ಅಂಗಿಗೆ ಇಸ್ತ್ರಿ ಹಾಕಿ, ಮೀಸೆಗೆ ಎಣ್ಣೆ ಹಚ್ಚಿ, "ದಾರಿ, ದಾರಿ!" ಎಂದು ಕೂಗಿ ಕೋವಿಯ ಕುದುರೆ ಎಳೆದೆ. ಒಳಗೆ ಟಣ್ ಎಂದಿತು, ಅಷ್ಟೇ. ಬಾಬಾಜಾನ್ ಛತ್ರಿಯ ಕಡ್ಡಿಯಿಂದ ಒಂದು ಸ್ಪ್ರಿಂಗು ಸುತ್ತಿಕೊಟ್ಟ. ಅದನ್ನು ಹಾಕಿ ಹಾರಿಸಿದರೆ ಬಂದ ದಾರಿ ನನ್ನ ತುಳಸಿಕಟ್ಟೆಯವರೆಗೆ. "ಹಡಗಿಂದ್ಲೇ ಇಳಿಸ್ತಿಲ್ವಂತೆ ಮೇಷ್ಟ್ರೇ, ನಾನೇನ್ ಮಾಡ್ಲಿ," ಎಂದು ಅವನೂ ಕೈ ಚೆಲ್ಲಿದ. "ನಿಮ್ ತಂದೆಯೋರ ಕೇಪಿನ ಕೋವಿ ಐತಲ್ಲ. ದಾರಿ ಕೇಳ್ಕೊಂಡು ಹೋಗಿ."

ದಾರಿ ಕೇಳುವುದು! ನನ್ನ ಮನೆಯಿಂದ ಮಿಲ್ಲಿನವರೆಗೆ ಸಾಲು ಸಾಲು ಮನೆಗಳು. ಒಂದೊಂದರ ಬಾಗಿಲಲ್ಲೂ ನಿಂತು, ಒಂದು ಕಾಲದಲ್ಲಿ ನಾನು ಬಗ್ಗಿಸಿ ಎಬ್ಬಿಸಿದ ಹುಡುಗರಿಗೆ, "ಅಪ್ಪಾ, ತುಂಗಮ್ಮನ ಮನೆಗೆ ಹೋಗ್ತಿದ್ದೀನಿ" ಎನ್ನಬೇಕು. ಮಾನ ಮೂರು ಕಾಸಿಗೆ ಹರಾಜು. ನಾನು ಮನೆಯಲ್ಲೇ ಕೂತೆ. ಆ ಗುರುವಾರ ಹೋಯಿತು, ಮುಂದಿನದೂ ಹೋಯಿತು, ಅದರ ಮುಂದಿನದೂ ಹೋಯಿತು. ಕಾವಳದಲ್ಲಿ ಫೋನು ಹೇಗೂ ಸತ್ತುಬಿದ್ದಿರುತ್ತದೆ. ಯಾರ ಕೈಯಲ್ಲಾದರೂ ಹೇಳಿಕಳಿಸೋಣವೆಂದರೆ ಹೇಳಿದಂತೆಯೇ ಆಯಿತಲ್ಲ. ಅವರೇ ಅರ್ಥ ಮಾಡಿಕೊಳ್ಳುತ್ತಾರೆ, ಯುಗಾದಿ ಬಂದರೆ ರಾಗಿ ಚೀಲ ಇದ್ದೇ ಇದೆ ಎಂದು ಸಮಾಧಾನ ಹೇಳಿಕೊಂಡೆ. ರಾತ್ರಿ ಊಟ ಸೇರುತ್ತಿರಲಿಲ್ಲ. ಒಬ್ಬನೇ ಚೌಕಾಬಾರದ ಮನೆ ಬರೆದು ಎರಡೂ ಕಡೆಯ ಕವಡೆ ನಾನೇ ಬಿಟ್ಟೆ. ಅದರಲ್ಲೂ ಸೋತೆ.

ಒಂದು ಬೆಳಿಗ್ಗೆ ಕಾಂಪೌಂಡಿನಾಚೆ ಕೆಂಚಪ್ಪನ ಹೆಂಡತಿ ಜಯಶೀಲಳ ದನಿ ಕೇಳಿಸಿತು. ಮಿಲ್ಲಿನಿಂದ ಹಿಟ್ಟು ತಂದಿದ್ದಳು. "ಮೇಷ್ಟ್ರೇ, ರಾಗಿ ಗೀಗಿ ಇದ್ರೆ ಇವತ್ತೇ ಬೀಸಿಸ್ಕೊಳ್ಳಿ. ಮಿಲ್ಲು ಇವತ್ತೇ ಕೊನೆ. ತುಂಗಮ್ಮೋರು ಮಧ್ಯಾಹ್ನದ ಬಸ್ಸಿಗೆ ಹೊರಟವ್ರೆ, ಭಾವನ ಮಗಳ ಊರಿಗೆ. ಇನ್ನು ಅಲ್ಲೇ ಇರ್ತಾರಂತೆ."

"ಯಾಕಂತೆ?" ಎಂದೆ.

"ನಾನೂ ಕೇಳ್ದೆ. ಇಲ್ಲಿ ನನ್ನ ಕಾಯೋರು ಯಾರಿದ್ದಾರೆ ಜಯಾ ಅಂದ್ರು. ಯಾಕೋ ಕಣ್ಣಲ್ಲಿ ನೀರು ತುಂಬ್ಕೊಂಡಿತ್ತು, ಪಾಪ. ಹಿಟ್ಟು ಬಿತ್ತೇನೋ ಅಂದ್ಕೊಂಡೆ."

ಹಿಟ್ಟು ಬಿದ್ದದ್ದಲ್ಲ. ನಾನು ಮಾನ ಕಾಯ್ದುಕೊಂಡು ಕೂತಿದ್ದಷ್ಟು ದಿನವೂ ಅವರು ಬಾಗಿಲು ಕಾಯ್ದುಕೊಂಡು ಕೂತಿದ್ದರು. ಇವತ್ತು ಆ ಬಸ್ಸು ಹತ್ತಿದರೆ ಮತ್ತೆ ಬರುವ ಹೆಂಗಸಲ್ಲ. ಅಟ್ಟ ಹತ್ತಿ ಅಪ್ಪನ ಕೇಪಿನ ಕೋವಿ ಎಳೆದುಹಾಕಿದೆ. ಮದ್ದು ಜಡಿದೆ, ನಾರು ತುರುಕಿದೆ. ಹೊರಡುವಾಗ, ನಗಬೇಡಿ, ಹಳೆಯ ಚಾಳಿಯಂತೆ ಒಂದು ಸೇರು ರಾಗಿಯನ್ನು ಚೀಲಕ್ಕೆ ಸುರಿದು ಹೆಗಲಿಗೆ ಹಾಕಿಕೊಂಡೆ.

ಕೇಪಿನ ಕೋವಿಯ ದಾರಿ ಕೆಂಚಪ್ಪನ ಮನೆಯ ಗೇಟು ದಾಟಿ ನಿಂತಿತು. ಹಸಿರು ಬಳಿದ ಅವನ ಕರಿಕೋವಿಯೂ ಆಗಲೇ ಕೆಟ್ಟಿತ್ತು; ಹಳೆಯ ಜೋಡುನಳಿಗೆಯ ಕೇಪಿನ ಕೋವಿ ಹಿಡಿದು ಹೊರಗೆ ಬಂದ. "ಓಹೋ, ಮೇಷ್ಟ್ರು! ಎಲ್ಲಿಗೆ ಸಾರ್?"

"ರಾಗಿ ಬೀಸಿಸೋಕೆ ಕಣೋ," ಎಂದು ಚೀಲ ತೋರಿಸಿದೆ.

ಅವನು ಕೋವಿ ಹಾರಿಸಿದ. ದಾರಿ ಬಿಟ್ಟಿತು. ನಾನು ಬಿರಬಿರನೆ ನಡೆದೆ. ನಾಲ್ಕು ಮಾರು ಹೋಗಿರಲಿಲ್ಲ, ಮುಂದೆಯೂ ಹಿಂದೆಯೂ ಕಾವಳ ದಪ್ಪನೆ ಕೂಡಿಕೊಂಡಿತು. ನಮ್ಮೂರ ಕಾವಳಕ್ಕೆ ಸುಳ್ಳು ಆಗುವುದಿಲ್ಲ. ಕೊಟ್ಟ ದಾರಿಯಲ್ಲಿ ಸುಳ್ಳು ಹೇಳಿಕೊಂಡು ನಡೆದರೆ ನಡುವೆಯೇ ಮುಚ್ಚಿಕೊಳ್ಳುತ್ತದೆ. ಇದು ಮಕ್ಕಳಿಗೂ ಗೊತ್ತು. ಕರಿಕೋವಿಯ ಕಾಲದಲ್ಲಿ ಯಾರಿಗೂ ಏನೂ ಹೇಳದೆ ಓಡಾಡಿ ನನಗೆ ಮರೆತೇಹೋಗಿತ್ತು. ಎಲ್ಲಿ ಹೆಜ್ಜೆಯಿಟ್ಟರೆ ಯಾರ ಚರಂಡಿಯೋ ತಿಳಿಯದೆ ಕಂಬದ ಹಾಗೆ ನಿಂತೆ.

"ಸಾರ್!" ಕೆಂಚಪ್ಪನ ದನಿ ಕಾವಳದೊಳಗಿಂದ ಬಂತು. "ದಾರಿ ಮುಚ್ಕೊಂಡ್ಬಿಡ್ತು! ಏನೋ ಹೆಚ್ಚುಕಮ್ಮಿ ಹೇಳಿದ್ದೀರಿ! ಅಲ್ಲಿಂದ್ಲೇ ಸರಿಯಾಗಿ ಹೇಳ್ಬಿಡಿ, ಇನ್ನೊಂದು ನಳಿಗೇಲಿ ಮದ್ದೈತೆ!"

ಮೆಲ್ಲಗೆ ಹೇಳಿದೆ. ಅವನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. "ಏನು ಸಾರ್?" ಎಂದ. ಹೊತ್ತು ಏರುತ್ತಿತ್ತು, ಬಸ್ಸು ಬರುವುದಿತ್ತು. ಆಗ ನಾನು ಮೈದಾನದ ಆ ಮೂಲೆಯವರೆಗೆ ಮುಟ್ಟಿಸುತ್ತಿದ್ದ ನನ್ನ ಹಳೆಯ ಗಂಟಲು ತೆಗೆದು, "ತುಂಗಮ್ಮನವರನ್ನ ನೋಡೋಕೆ ಹೋಗ್ತಿದ್ದೀನಿ ಕಣೋ! ಅವರನ್ನ ಹೋಗಬೇಡಿ ಅನ್ನೋಕೆ!" ಎಂದು ಕೂಗಿಬಿಟ್ಟೆ.

ಎಲ್ಲೋ ಒಂದು ಕಿಟಕಿ ತೆರೆಯಿತು. ಇನ್ನೊಂದು ತೆರೆಯಿತು. ಮನೆಗೊಬ್ಬರಂತೆ ಗುಟ್ಟಾಗಿ ಹೇಳಿಕೊಂಡು ಹೋಗಬಹುದಾಗಿದ್ದನ್ನು ಒಂದೇ ಉಸಿರಿಗೆ ಊರಿಗೆಲ್ಲ ಸಾರಿದ್ದೆ. ಕಿವಿ ಸುಟ್ಟುಹೋಯಿತು. ಆಮೇಲೆ ಕೆಂಚಪ್ಪನ ಎರಡನೆಯ ನಳಿಗೆ ಢಮ್ ಎಂದಿತು. ದಾರಿ ಬಿಡಿಸಿಕೊಂಡಿತು. ಅದರಲ್ಲಿ ಅವನೇ ಓಡಿ ಬಂದ. ನಗುತ್ತಾನೆ ಎಂದುಕೊಂಡಿದ್ದೆ. ನನ್ನ ಹೆಗಲ ಮೇಲಿದ್ದ ರಾಗಿ ಚೀಲ ಇಳಿಸಿ ತನ್ನ ಹೆಗಲಿಗೆ ಹಾಕಿಕೊಂಡ. "ನಡೀರಿ ಸಾರ್, ನಾನೂ ಬರ್ತೀನಿ. ಒಬ್ರೇ ಹೋಗೋ ಕೆಲ್ಸ ಅಲ್ಲ ಇದು," ಎಂದ. ಜಯಶೀಲ ಸೆರಗು ಸಿಕ್ಕಿಸಿಕೊಂಡು ಅವನ ಹಿಂದೆಯೇ ಬಂದಳು. "ಹಿಟ್ಟಲ್ಲ ಬಿದ್ದಿದ್ದು ಅಂತ ನಂಗಾಗ್ಲೇ ಅನ್ನಿಸ್ತು," ಎಂದಳು.

ಮುಂದಿನದು ಪುಟ್ಟಗೌರಜ್ಜಿಯ ಮನೆ. ತನಗಿಂತ ಉದ್ದದ ಕೋವಿಯನ್ನು ಆಗಲೇ ಕಟ್ಟೆಗೆ ಆನಿಸಿ ಇಟ್ಟುಕೊಂಡಿದ್ದಳು. "ಎಲ್ಲಿಗೆ ಅಂತ ಕೇಳೋ ಅಂಗೇ ಇಲ್ಲ, ನಮ್ಮ ಎಮ್ಮೆಗೂ ಕೇಳಿಸ್ತು," ಎಂದಳು. "ಆದ್ರೂ ಸಂಪ್ರದಾಯ ಬುಡಬಾರ್ದು. ಎಲ್ಲಿಗಪ್ಪ?"

"ತುಂಗಮ್ಮನವರ ಹತ್ರ ಅಜ್ಜಿ."

"ಇನ್ನೊಂದ್ ಕಿತ ಹೇಳು, ಚೆಂದಾಗಿದೆ," ಎಂದು ಬೊಚ್ಚುಬಾಯಿ ತುಂಬ ನಕ್ಕು ಕುದುರೆ ಎಳೆದಳು. ಕೋವಿ ಅವಳನ್ನೇ ಹಿಂದಕ್ಕೆ ಕೂರಿಸಿತು. ಜಯಶೀಲ ಎಬ್ಬಿಸಿ ನಿಲ್ಲಿಸಿದಳು. ಅಲ್ಲಿಂದ ಮುಂದಕ್ಕೆ ನಾನು ಯಾರ ಬಾಗಿಲಲ್ಲೂ ಕೂಗಬೇಕಾಗಲಿಲ್ಲ. ನಾವು ಮುಟ್ಟುವ ಮೊದಲೇ ಬಾಗಿಲು ತೆರೆದಿರುತ್ತಿತ್ತು. "ಎಲ್ಲಿಗೆ?" "ತುಂಗಮ್ಮನವರ ಹತ್ರ." ಢಮ್. ಪ್ರತಿ ಸಲ ಹೇಳಿದಾಗಲೂ ನಾಲಿಗೆ ಸ್ವಲ್ಪ ಹಗುರವಾಯಿತು. ಎಷ್ಟೋ ದಿನದಿಂದ ಮುಖ ನೋಡದವರು ಜೊತೆಗೆ ಸೇರಿಕೊಂಡರು. ಬಾಬಾಜಾನ್ ಅಂಗಡಿ ಮುಚ್ಚಿ ಬಂದ. ನನ್ನ ಕಾಲಕ್ಕೆ ಓಟದ ಪಂದ್ಯದಲ್ಲಿ ಸದಾ ಕೊನೆಗೆ ಬರುತ್ತಿದ್ದ ಹುಡುಗನೊಬ್ಬ, ಈಗ ಅವನಿಗೂ ಹೊಟ್ಟೆ ಬಂದಿದೆ, "ಸಾರ್, ಬೇಗ ಬೇಗ, ಲೆಫ್ಟ್ ರೈಟ್!" ಎಂದು ನನಗೇ ಹೇಳಿದ. ನಾನು ಕಾಲು ಚುರುಕು ಮಾಡಿದೆ.

ಕೊನೆಯ ಮನೆ ಶಿವನಂಜಪ್ಪನವರದು. ತುಂಗಮ್ಮನ ಗಂಡನ ಅಣ್ಣ, ಮಿತಭಾಷಿ, ಊರಿಗೇ ಮರ್ಯಾದಸ್ಥ. ಅವರ ಮನೆಗೂ ಮಿಲ್ಲಿಗೂ ನಡುವೆ ಒಂದೇ ಹಿತ್ತಿಲು. ಬಾಗಿಲಲ್ಲಿ ನಿಂತಿದ್ದರು. ಅವರ ಹೆಗಲ ಮೇಲೆ ಕರಿಕೋವಿ ಇತ್ತು. ಊರಿನಲ್ಲಿ ಇನ್ನೂ ಮಾತಾಡುತ್ತಿದ್ದದ್ದು ಅದೊಂದೇ. ತುಂಗಮ್ಮನನ್ನು ಬಸ್ಸಿನವರೆಗೆ ಒಂದೇ ದಾರಿಯಲ್ಲಿ ಕರೆದೊಯ್ಯಲಿಕ್ಕೆಂದು ತಮ್ಮ ಕೊನೆಯ ಸ್ಪ್ರಿಂಗನ್ನು ಅದಕ್ಕೆ ಹಾಕಿಸಿ ಇಟ್ಟಿದ್ದರು.

"ಎಲ್ಲಿಗೆ?" ಎಂದರು.

"ತುಂಗಮ್ಮನವರ ಹತ್ರ. ಹೋಗಬೇಡಿ, ನನ್ನ ಜೊತೆ ಇದ್ದುಬಿಡಿ ಅಂತ ಕೇಳೋಕೆ."

ಅವರು ನನ್ನ ಹಿಂದಿದ್ದ ಗುಂಪನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. "ಗುರುವಾರ ಗುರುವಾರ ಕವಡೆ ಸದ್ದು ನನ್ನ ಹಿತ್ತಿಲಿಗೆ ಕೇಳ್ತಿತ್ತು ಮೇಷ್ಟ್ರೇ. ನಾನೇನೂ ಅನ್ನಲಿಲ್ಲ. ಅವಳು ನಗ್ತಿದ್ಲು, ಅದಕ್ಕೆ ಸುಮ್ನಿದ್ದೆ. ಆಮೇಲೆ ಸದ್ದು ನಿಂತೋಯ್ತು. ಅವಳು ಗುರುವಾರದ ಹೊತ್ತಿಗೆ ಕಾಫಿ ಕಾಯಿಸಿ, ಎರಡು ಲೋಟ ಇಟ್ಕೊಂಡು ಕೂರೋದನ್ನ ನಾನು ಕಣ್ಣಾರೆ ನೋಡಿದ್ದೀನಿ. ನನ್ನ ತಮ್ಮ ಸಾಯೋವಾಗ ಅವಳನ್ನ ನನ್ನ ಕೈಗೆ ಹಾಕಿ ಹೋದ. ಬೇಕಾದಾಗ ಬರೋರು, ಬೇಡದಿದ್ದಾಗ ಇಲ್ಲದೋರು, ಅಂಥೋರಿಗೆ ನಾನು ದಾರಿ ಕೊಡಲ್ಲ."

ಅವರ ಮಾತಿನಲ್ಲಿ ತಪ್ಪೇನಿತ್ತು? ನಾನು ತಲೆ ತಗ್ಗಿಸಿದೆ. ಕೊಡಲ್ಲ ಎಂದ ಮೇಲೆ ಮುಗಿಯಿತು, ಯಾರೂ ಬಲವಂತ ಮಾಡುವಂತಿಲ್ಲ. ಹಿತ್ತಿಲಿನಾಚೆ ಮಿಲ್ಲು, ಮಿಲ್ಲಿನಲ್ಲಿ ಅವರು. ನಡುವೆ ಬೆಳ್ಳಗೆ ಕಾವಳ. ಅಷ್ಟು ಹತ್ತಿರ ಬಂದು ಸೋತಿದ್ದೆ. ದೂರದಲ್ಲಿ, ಊರಾಚೆಯ ಹುಣಸೆಮರದ ಬಳಿ, ಬಸ್ಸು ಬಂದು ನಿಂತು ಹಾರನ್ನು ಹೊಡೆಯಿತು.

"ದಾರಿ, ದಾರಿ!"

ಹೆಣ್ಣು ದನಿ. ಮಿಲ್ಲಿನ ಕಡೆಯಿಂದ. ಅದರ ಹಿಂದೆಯೇ ಕೇಪಿನ ಕೋವಿಯ ಸದ್ದು. ಒಬ್ಬರು ನಡೆಯುವಷ್ಟೇ ಅಗಲದ ಒಂದು ದಾರಿ ಹಿತ್ತಿಲು ದಾಟಿ ನಮ್ಮ ಕಾಲ ಬುಡಕ್ಕೆ ಬಂದು ನಿಂತಿತು. ಅದರಲ್ಲಿ ತುಂಗಮ್ಮ ಬಂದರು. ಪ್ರಯಾಣದ ಸೀರೆ ಉಟ್ಟಿದ್ದರು, ಹುಬ್ಬಿನ ಮೇಲೆ ಹಿಟ್ಟಿರಲಿಲ್ಲ. ನಾನು ಅವರ ಹುಬ್ಬು ಕಪ್ಪಗಿದೆ ಎಂದು ನೋಡಿದ್ದು ಅದೇ ಮೊದಲು. ತವರಿನಿಂದ ಬಳುವಳಿಯಾಗಿ ಬಂದ ಕೋವಿಯನ್ನು ಒನಕೆಯಂತೆ ಹಿಡಿದಿದ್ದರು. ಬಂದವರೇ ನನ್ನ ಮುಂದೆ ನಿಂತು, "ಇಷ್ಟು ದಿನ ಎಲ್ಲಿ ಹೋಗಿದ್ರಿ?" ಎಂದರು.

"ಸ್ಪ್ರಿಂಗು ಮುರೀತು," ಎಂದೆ. "ಹಡಗಲ್ಲಿ ಬರೋದು ನಿಂತುಹೋಯ್ತಲ್ಲ, ಅದಕ್ಕೆ..."

"ಮುರಿದಿದ್ದು ಕೋವಿ ಸ್ಪ್ರಿಂಗು ತಾನೆ? ನಿಮ್ಮ ಕಾಲಿಗೇನಾಗಿತ್ತು? ಬಾಯಿಗೇನಾಗಿತ್ತು?"

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ನಾನು ಅಭ್ಯಾಸಬಲದಿಂದ ಸಾವಧಾನ್ ಆಗಿ ನಿಂತಿದ್ದೆ. "ಹೆದರಿದ್ದೆ ತುಂಗಮ್ಮ," ಎಂದೆ. "ಎಲ್ಲರ ಮನೆ ಬಾಗಿಲಲ್ಲಿ ನಿಂತು ನಿಮ್ಮ ಹೆಸರು ಹೇಳಬೇಕಲ್ಲ ಅಂತ. ಇವತ್ತು ಹೇಳಿಕೊಂಡೇ ಬಂದೆ. ನೀವಿಲ್ಲದೆ ನನಗೆ ಊಟ ಸೇರಲ್ಲ, ನಿದ್ದೆ ಬರಲ್ಲ. ಹೋಗಬೇಡಿ."

"ಒಂದೊಂದೇ ಕೋವಿ ಹತ್ರ ಹತ್ರ ಬರೋದು ಕೇಳಿಸ್ತಿತ್ತು," ಎಂದರು ತುಂಗಮ್ಮ. "ನಾವು ಚಿಕ್ಕೋರಿದ್ದಾಗ ಹಿಂಗೇ ಕೇಳಿಸ್ತಿತ್ತು, ಯಾರ ಮನೆಗೆ ಬರ್ತಿದ್ದಾರೋ ಅಂತ ಎಣಿಸ್ಕೊಂಡು ಕೂರ್ತಿದ್ವಿ. ಶಿವಾಲಯ ದಾಟ್ತು, ಸಂತೆಮಾಳ ದಾಟ್ತು. ನಮ್ಮ ಕಡೆಗೇ ಅಂತ ಗೊತ್ತಾಯ್ತು. ಆಮೇಲೆ ಇಲ್ಲಿಗೆ ಬಂದು ನಿಂತೋಯ್ತು. ನಿಲ್ಲಬಾರ್ದು ಅನ್ನಿಸ್ತು, ಅದಕ್ಕೆ ಹಾರಿಸ್ದೆ." ಸೆರಗಿನಿಂದ ಕಣ್ಣೊರೆಸಿಕೊಂಡು ಭಾವನ ಕಡೆ ತಿರುಗಿದರು. "ಭಾವ, ತಪ್ಪಾಯ್ತಾ?"

ಬಸ್ಸು ಮತ್ತೆ ಹಾರನ್ನು ಹೊಡೆಯಿತು. ಶಿವನಂಜಪ್ಪ ಕರಿಕೋವಿಯನ್ನು ಹೆಗಲಿನಿಂದ ಇಳಿಸಿದರು. "ಇರ್ತೀಯೇನಮ್ಮ?" ಎಂದು ಕೇಳಿದರು.

"ಇರ್ತೀನಿ."

ಅವರು ಹುಣಸೆಮರದ ಕಡೆಗೆ ತಿರುಗಿ, "ದಾರಿ, ದಾರಿ!" ಎಂದು ಕೂಗಿ ಕರಿಕೋವಿ ಹಾರಿಸಿದರು. ಊರೇ ನಡುಗುವ ಸದ್ದು. ಅಗಲದ ದಾರಿ ಬಿಟ್ಟು, ಅದರ ಕೊನೆಯಲ್ಲಿ ಬಸ್ಸಿನ ದೀಪ ಕಂಡಿತು. "ನಿನ್ನ ಟ್ರಂಕು ಬೆಳಿಗ್ಗೇನೇ ಅಲ್ಲಿಗೆ ಕಳಿಸಿಬಿಟ್ಟಿದ್ದೆ. ಅದನ್ನ ಹೊತ್ಕೊಂಡು ಬಸ್ಸು ಹೋಗಿಬಿಟ್ರೆ ಉಡೋಕೆ ಸೀರೆ ಇರಲ್ಲ," ಎಂದು ಹೊರಟರು. ನಾನೂ ಅವರ ಹಿಂದೆ ನನ್ನ ಚಪ್ಪಟೆ ಪಾದಗಳಲ್ಲಿ ಓಡಿದೆ. ಹಿಂದಿನಿಂದ ಪುಟ್ಟಗೌರಜ್ಜಿ ಶಿಳ್ಳೆ ಹಾಕಿದಳು. ಅವಳಿಗೆ ಶಿಳ್ಳೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಟ್ರಂಕು ಇಳಿಸಿಕೊಂಡು, ಬಸ್ಸಿನವನನ್ನು ಕಳಿಸಿಕೊಟ್ಟು, ದಾರಿ ಮುಚ್ಚುವ ಮೊದಲೇ ಆಚೀಚೆ ಒಂದೊಂದು ಹಿಡಿ ಹಿಡಿದು ನಾವಿಬ್ಬರು ಮುದುಕರೂ ವಾಪಸು ಹೊರಟೆವು. ಕಬ್ಬಿಣದ ಟ್ರಂಕು, ಮಣಭಾರ. ಸ್ವಲ್ಪ ದೂರ ಬರುವಷ್ಟರಲ್ಲಿ ಶಿವನಂಜಪ್ಪ ಏದುಸಿರು ಬಿಡುತ್ತಾ ಅದನ್ನು ಕೆಳಗಿಟ್ಟು, ಕರಿಕೋವಿ ಅಲುಗಾಡಿಸಿ ನೋಡಿದರು. ಒಳಗೆ ತುಂಡಾದ ಸ್ಪ್ರಿಂಗು ಗಲಗಲ ಎಂದಿತು. "ನಂದೂ ಮುಗೀತು," ಎಂದರು. "ಮೇಷ್ಟ್ರೇ, ಲಗ್ನ ಗಿಗ್ನ ಅಂತ ಏನಾದ್ರೂ ಮಾಡ್ಕೊಳ್ತೀರೋ, ಇಲ್ಲ ಹಿಂಗೇ ಕವಡೆ ಆಡ್ಕೊಂಡಿರ್ತೀರೋ?"

"ಅವರು ಹೂಂ ಅಂದರೆ ಲಗ್ನವೇ."

"ಹಂಗಾದ್ರೆ ನಾಳೆ ಬನ್ನಿ, ಕೂತು ಮಾತಾಡೋಣ. ನನ್ನ ಬಾಗಿಲಿಗೆ ಬಂದು ಕೂಗಿ. ದಾರಿ ಕೊಡ್ತೀನಿ." ಅವರು ಬಗ್ಗಿ ಟ್ರಂಕಿನ ಹಿಡಿಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡರು. "ಎತ್ತಿ, ನಡೀರಿ. ಅವಳು ಕಾಯ್ತಾ ಇರ್ತಾಳೆ."